ಶುದ್ಧ ಪ್ರತಿಯ ಭಯ

ಈ ಸ್ಮರಣ ಸಂಚಿಕೆಗೆ ಲೇಖನಗಳನ್ನು ಕಳುಹಿಸಿಕೊಡಬೇಕೆಂದು ಮಂಡಲಿಯವರು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಪತ್ರ ಬರೆದುದು ವಾಚಕರಿಗೆ ತಿಳಿದೇ ಇದೆ. ಬಂದ ಉತ್ತರಗಳನ್ನು ಓದಿ, ವಿಷಯಾನುಸಾರವಾಗಿ ವಿಂಗಡಿಸಿ, ಕಟ್ಟುಗಳನ್ನು ಮಾಡುವ ಕೆಲಸವು ನಮ್ಮ ಪಾಲಿಗೆ ಬಂದಿತು. ಬೋರ್ಡಿಂಗಿನ ನೆನಪುಗಳ ಕಟ್ಟು ಎಲ್ಲಕ್ಕಿಂತಲೂ ದಪ್ಪನಾಗಿದ್ದಿತು. ಪ್ರವಾಸದ ವೃತ್ತಾಂತಗಳು, ಶಿಶುಪಾಲನೆಯ ಹಿತವಚನಗಳು, ಕ್ರಿಸ್‌ಮಸ್ ಹಬ್ಬದ ತಿಂಡಿಗಳು, ಎಲ್ಲವೂ ಬೇಕಾದಷ್ಟು ಬಂದವು; ಕರ್ಜಿಕಾಯಿ ಮಾಡುವ ಕ್ರಮವೊಂದನ್ನೇ ಆರು ಮಂದಿ ಆರು ವಿಧವಾಗಿ ಬರೆದಿದ್ದರು. ಕಥೆಗಳ ಕಟ್ಟಿನಲ್ಲಿದ್ದುದು ಮಾತ್ರ ಎರಡೇ ಎರಡು.

ಕಥೆ ಬರೆಯಬಲ್ಲವರು ನಮ್ಮಲ್ಲಿ ಇಲ್ಲವೆಂದು ಇದರಿಂದ ತಿಳಿಯಬಾರದು. ಯಾರು ಯಾರು ಬರೆಯುತ್ತಿರುವರೆಂಬುದನ್ನು ನಾವು ಬಲ್ಲೆವು. ಬಲ್ಲೆವಾದುದರಿಂದಲೇ ಹನ್ನೆರಡು ಮಂದಿಯನ್ನು ಬೇರೆಯಾಗಿ ಬೇಡಿಕೊಂಡಿದ್ದೆವು. ಅವರಲ್ಲಿ ಒಬ್ಬರೂ ಇಲ್ಲವೆನ್ನಲಿಲ್ಲ. ಕಥೆಯೊಂದು ಇದೆ, ಆದರೆ ಇನ್ನೂ ತಿದ್ದಬೇಕಾಗಿದೆ ಎಂದು ಐದು ಮಂದಿ ಬರೆದರು. ಅಚ್ಚು ಹಾಕಿಸುವ ಯೋಗ್ಯತೆ ಅದಕ್ಕಿಲ್ಲವೆಂದು ಇನ್ನು ಕೆಲವರು. ಒಬ್ಬ ಸೋದರಿಯು ತಮ್ಮ ಕಥೆಯ ಕಡೆಯ ಪುಟವನ್ನು ನಾಲ್ಕು ವರುಷಗಳಿಂದ ತಿದ್ದುತ್ತಿರುವುದಾಗಿಯೂ ಅದು ಮನಸ್ಸಿಗೆ ಬಂದ ದಿನ ತಾವೇ ಕಳುಹಿಸುವುದಾಗಿಯೂ ಬರೆದಿರುವರು. ಆ ದಿನವು ಬರಲೆಂದು ನಾವೂ ಹಾರೈಸುತ್ತೇವೆ. ಬರುವುದೆಂಬ ಭರವಸೆ ಮಾತ್ರ ನಮಗಿಲ್ಲ.

ಇಂಥ ಉತ್ತರಗಳನ್ನು ವಿನಯವೆಂದು ಹೊಗಳುವುದು ನಮ್ಮ ಸಮಾಜದ ವಾಡಿಕೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಹೊಗಳಿಕೆಯು ಬಹಳ ಅಗ್ಗವಾಗಿ ದೊರೆಯುವುದು. ನಮ್ಮ ಅಭಿಪ್ರಾಯವೋ ಬೇರೆ. ಇದು ವಿನಯವಲ್ಲ, ಭಯ. ಈ ಭಯವನ್ನು ನಮ್ಮೊಳಗೆ ಬಿತ್ತಿದ ಕೈಗಳಲ್ಲಿ ನಮ್ಮ ಶಾಲೆಯ ಕೈಯೂ ಒಂದು. ಶಾಲೆಯ ಸ್ಮರಣ ಸಂಚಿಕೆಯಲ್ಲಿಯೇ ಹೀಗೆ ಬರೆಯುವುದು ಕೃತಘ್ನತೆಯೆಂದು ಯಾರೂ ಎಣಿಸದಿರಲಿ. ಇಲ್ಲಿ ಪಡೆದ ಶಿಕ್ಷಣಕ್ಕೆ ನಾವು ತೀರದ ಋಣಿಗಳು. ಆದರೆ ಒಳ್ಳೆಯ ಶಿಕ್ಷಣವು ತನಗೆ ಸಲ್ಲದ ಎಡೆಯಲ್ಲಿ ಹೊಕ್ಕಾಗ ಏನು ಮಾಡುವುದೆಂಬುದನ್ನು ಕಣ್ಣಾರೆ ಕಂಡಿರುವೆವಾಗಿ ಬರೆಯಬೇಕಾಯಿತು.

ನಮ್ಮ ಕಾಲದಲ್ಲಿ ಓದಿದವರು ಕಾಪಿ ಪುಸ್ತಕವನ್ನು ಮರೆತಿರಲಾರರು. ಗೆರೆಯ ಮೇಲೆ ಅಕ್ಷರ ಕೂರಬೇಕು. ಒತ್ತಕ್ಷರವು ಕೆಳಗಿನ ಗೆರೆಯನ್ನು ಮುಟ್ಟಬಾರದು. ಮಸಿಯ ತೊಟ್ಟೊಂದು ಬಿದ್ದರೆ ಹಾಳೆಯನ್ನೇ ಬದಲಾಯಿಸಬೇಕು. ಪ್ರಬಂಧವನ್ನು ಮೊದಲು ಸ್ಲೇಟಿನಲ್ಲಿಯೋ ಕರಡು ಪುಸ್ತಕದಲ್ಲಿಯೋ ಬರೆದುಕೊಂಡರೂ ಉಪಾಧ್ಯಾಯಿನಿಯವರ ಕಣ್ಣಿಗೆ ಬೀಳುತ್ತಿದ್ದುದು ಶುದ್ಧ ಪ್ರತಿ ಮಾತ್ರ, ಗುಣಗಳು ದೊರೆಯುತ್ತಿದ್ದುದೂ ಅದಕ್ಕೇ. ಕೆಂಪು ಮಸಿಯಿಲ್ಲದೆ ಹಿಂದಿರುಗಿದ ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಓಡಿದ ಸಂಜೆಗಳು ನಮಗಿನ್ನೂ ನೆನಪಿವೆ. ಹೊಲಿಗೆಯ ತರಗತಿಯಲ್ಲಿ ಇನ್ನೂ ಬಿಗಿ. ಮಿಸ್ಸಮ್ಮನವರು ಕಸೂತಿಯ ಬಟ್ಟೆಯನ್ನು ಕೈಗೆ ತೆಗೆದುಕೊಂಡ ಕೂಡಲೆ ಮೊದಲು ತಿರುವಿ ಹಾಕುತ್ತಿದ್ದರು. ಹಿಂಬದಿಯಲ್ಲಿ ಗಂಟು ಕಂಡಿತೋ, ಮುಂಬದಿಯ ಹೂವು ಎಷ್ಟು ಸೊಗಸಾಗಿದ್ದರೂ ಅಷ್ಟನ್ನೂ ಬಿಚ್ಚಿಸುತ್ತಿದ್ದರು. ಬಿಚ್ಚಿ ಹೊಲಿದ ನಮ್ಮ ಕೈಗಳು ಇಂದಿಗೂ ಅಚ್ಚುಕಟ್ಟಾಗಿವೆ. ಅದಕ್ಕಾಗಿ ಅವರಿಗೆ ವಂದನೆಗಳು ಸಲ್ಲಲಿ.

ಆದರೆ ಕಸೂತಿಗೂ ಕಥೆಗೂ ಒಂದು ಭೇದವುಂಟು. ಕಸೂತಿಯ ಮಾದರಿಯು ಮೊದಲೇ ಕಾಗದದ ಮೇಲಿರುವುದು. ಮೊದಲನೆಯ ಹೊಲಿಗೆಯು ತಪ್ಪೋ ಸರಿಯೋ ಎಂಬುದನ್ನು ಆ ಕ್ಷಣವೇ ನೋಡಿ ಹೇಳಬಹುದು. ಕಥೆಗೆ ಅಂಥ ಮಾದರಿಯಿಲ್ಲ. ಬರೆಯುವವಳಿಗೆ ತನ್ನ ಕಥಾನಾಯಕಿ ಎಂಥವಳೆಂಬುದು ಅರ್ಧ ಕಥೆ ಮುಗಿಯುವವರೆಗೂ ಸರಿಯಾಗಿ ತಿಳಿದಿರುವುದಿಲ್ಲ. ಕಡೆಯ ಪ್ರಕರಣವನ್ನು ಬರೆದ ಮೇಲೆಯೇ ಮೊದಲಿನ ಪ್ರಕರಣದಲ್ಲಿ ಏನಿರಬೇಕಾಗಿತ್ತೆಂಬುದು ಗೊತ್ತಾಗುವುದು. ಹೀಗಿರಲು ಮೊದಲನೆಯ ಪುಟವನ್ನು ಶುದ್ಧ ಮಾಡಿಕೊಂಡು ಎರಡನೆಯದಕ್ಕೆ ಹೋಗುವೆನೆಂದು ಕುಳಿತವಳು ಯಾವುದನ್ನು ನೋಡಿ ಶುದ್ಧ ಮಾಡಬೇಕು? ಇನ್ನೂ ಹುಟ್ಟದ ಕೂಸಿಗೆ ಅಂಗಿಯ ಅಳತೆ ತೆಗೆದುಕೊಂಡಂತಾಗುವುದು.

ಇದು ಬರಿಯ ತರ್ಕವೆಂದು ತೋರಬಹುದಾದುದರಿಂದ ನಮ್ಮ ಸಹಪಾಠಿನಿಯೊಬ್ಬರ ವಿಷಯವನ್ನು ಹೇಳುತ್ತೇವೆ. ಹೆಸರನ್ನು ಹೇಳೆವು, ಆ ತರಗತಿಯವರಿಗೆ ಹೇಳಬೇಕಾಗಿಯೂ ಇಲ್ಲ. ಕನ್ನಡ ಪ್ರಬಂಧದಲ್ಲಿ ಮೂರು ವರುಷವೂ ಮೊದಲನೆಯ ಬಹುಮಾನವನ್ನು ಪಡೆದವರು ಅವರು. ಅವರ ಮುತ್ತಜ್ಜಿಯು 1876ರಿಂದ 1878ರವರೆಗೆ ಈ ಸೀಮೆಯನ್ನು ಸುಟ್ಟ ಕ್ಷಾಮದಲ್ಲಿ, ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಹೇಳುತ್ತಿದ್ದ ಆ ಕಾಲದಲ್ಲಿ, ತಾಯಿತಂದೆಗಳನ್ನು ಕಳೆದುಕೊಂಡು ಮಿಷನ್ನಿನ ಅನಾಥಶಾಲೆಗೆ ಎತ್ತಿನ ಗಾಡಿಯಲ್ಲಿ ಬಂದ ಐದು ವರುಷದ ಹುಡುಗಿ. ಊರಿನ ಹೆಸರು ಅವಳಿಗೆ ಗೊತ್ತಿರಲಿಲ್ಲ. ತನ್ನ ಹೆಸರೂ ಅರ್ಧವೇ ಗೊತ್ತಿತ್ತು. ಅವಳು ಬೆಳೆದುದು, ಕಲಿತುದು, ತನ್ನ ಊರನ್ನು ಹುಡುಕಿಕೊಂಡು ಹೋದುದು, ಅಲ್ಲಿ ಕಂಡುದು, ಇವೆಲ್ಲವೂ ಆ ಮನೆಯ ಹೆಂಗಸರಲ್ಲಿ ಬಾಯಿಂದ ಬಾಯಿಗೆ ಬಂದಿದ್ದವು. ಇದನ್ನು ಕಾದಂಬರಿಯಾಗಿ ಬರೆಯುವೆನೆಂದು ನಮ್ಮ ಗೆಳತಿಯು ಹದಿನೆಂಟು ವರುಷದವರಿರುವಾಗಲೇ ನಿಶ್ಚಯಿಸಿದ್ದರು. ಅವರು ಕಥೆಯನ್ನು ಹೇಳಿದಾಗಲೆಲ್ಲ ಕೇಳಿದ ನಾವು ಅತ್ತುದುಂಟು, ಒಮ್ಮೆ ರೈಲಿನಲ್ಲಿ ಇಳಿಯಬೇಕಾದ ನಿಲ್ದಾಣವನ್ನು ದಾಟಿ ಹೋದುದೂ ಉಂಟು.

ಅವರು ತೀರಿಕೊಂಡ ಮೇಲೆ ಮಗಳು ತಾಯಿಯ ಟ್ರಂಕಿನಲ್ಲಿದ್ದ ನೋಟುಪುಸ್ತಕಗಳನ್ನು ನಮ್ಮ ಮುಂದಿಟ್ಟಳು. ಹದಿನಾಲ್ಕು ಪುಸ್ತಕಗಳು. ಕಾದಂಬರಿಯು ಮುಗಿದಿರಬೇಕೆಂದು ಹಿಗ್ಗಿನಿಂದ ತೆರೆದೆವು. ಹದಿನಾಲ್ಕು ಪುಸ್ತಕಗಳಲ್ಲಿಯೂ ಇದ್ದುದು ಮೊದಲನೆಯ ಪ್ರಕರಣವೇ. ಗಾಡಿಯು ಅನಾಥಶಾಲೆಯ ಬಾಗಿಲಿಗೆ ಬರುವುದು, ಮಗುವನ್ನು ಇಳಿಸುವುದು, ಬಾಗಿಲು ಮುಚ್ಚುವುದು. ಹದಿನಾಲ್ಕು ಸಲ ಬಂದ ಆ ಗಾಡಿಯಿಂದ ಇಳಿದ ಮಗುವು ಒಂದು ಸಲವೂ ಒಳಗಿನ ಅಂಗಳವನ್ನು ಕಾಣಲಿಲ್ಲ. ಅಕ್ಷರವೋ ಮುತ್ತಿನಂತಿದ್ದಿತು, ಪುಸ್ತಕದಿಂದ ಪುಸ್ತಕಕ್ಕೆ ವಾಕ್ಯಗಳು ನಯವಾಗುತ್ತ ಬಂದಿದ್ದವು. ನಮ್ಮ ಮನಸ್ಸಿಗೆ ಹಿಡಿದುದು ಎಲ್ಲಕ್ಕಿಂತ ಹಳೆಯ ಪ್ರತಿ. ಅದರಲ್ಲಿ ವ್ಯಾಕರಣದ ತಪ್ಪುಗಳೂ ಇವೆ, ಹಸಿದ ಮಗುವಿನ ಮೂಗಿಗೆ ಬಿದ್ದ ರಾಗಿಯ ಅಂಬಲಿಯ ವಾಸನೆಯೂ ಇದೆ. ಏಳನೆಯ ಪ್ರತಿಯ ಹೊತ್ತಿಗೆ ತಪ್ಪುಗಳು ಹೋಗಿದ್ದವು, ಅಂಬಲಿಯೂ ಹೋಗಿತ್ತು. ಉಳಿದ ಕಥೆಯನ್ನು ಬಲ್ಲವರು ಈಗ ಯಾರೂ ಇಲ್ಲ. ಕೇಳಿದ್ದ ನಮಗೂ ಅಲ್ಲೊಂದು ಇಲ್ಲೊಂದು ತುಣುಕು ಜ್ಞಾಪಕವಿದೆಯೇ ಹೊರತು, ಆ ಹುಡುಗಿಯು ಹುಡುಕಿ ಕಂಡುಕೊಂಡ ಊರು ಯಾವುದೆಂಬುದು ಮರೆತುಹೋಗಿದೆ. ಆ ಮೊದಲನೆಯ ಪ್ರತಿಯನ್ನಾದರೂ ಈ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣವೆಂದು ಮಗಳನ್ನು ಕೇಳಿದೆವು. ಅಮ್ಮನು ಒಪ್ಪುತ್ತಿರಲಿಲ್ಲವೆಂದು ಅವಳು ಒಪ್ಪಲಿಲ್ಲ.

ನಮ್ಮ ಗೆಳತಿಯು ಬಹಳ ಮೆಚ್ಚಿ ಓದುತ್ತಿದ್ದ ಪುಸ್ತಕವು ಗ್ಯಾಸ್ಕೆಲ್ ಎಂಬಾಕೆಯು 1857ರಲ್ಲಿ ಪ್ರಕಟಿಸಿದ ಷಾರ್ಲಟ್ ಬ್ರಾಂಟೆಯ ಜೀವನಚರಿತ್ರೆ. ಅದನ್ನು ನಾವು ಈಚೆಗೆ ಮತ್ತೆ ಓದಿದೆವು. ಓದುತ್ತ ನಮಗೆ ಒಂದು ಬಗೆಯ ಅಸಮಾಧಾನವೇ ಆಯಿತು, ಏಕೆಂದರೆ ಬೇಕಾದ ಔಷಧವು ನಮ್ಮ ಗೆಳತಿಯ ಕೈಯಲ್ಲಿಯೇ ಇದ್ದಿತು. ಷಾರ್ಲಟ್ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹೌವರ್ತ್ ಎಂಬ ಊರಿನ ಸಭಾಪಾಲಕರ ಮಗಳು. ಕೆಲವು ಕಾಲ ಉಪಾಧ್ಯಾಯಿನಿ, ಕೆಲವು ಕಾಲ ಮನೆಪಾಠದವಳು. ನಮ್ಮಂಥ ಶಾಲೆಗಳ ಹುಡುಗಿಯರಿಗೆ ಈ ಜೀವನವು ಅಪರಿಚಿತವಲ್ಲ. ಇಪ್ಪತ್ತರ ವಯಸ್ಸಿನಲ್ಲಿ ತನ್ನ ಪದ್ಯಗಳನ್ನು ಆಸ್ಥಾನಕವಿಯಾಗಿದ್ದ ರಾಬರ್ಟ್ ಸೌದಿಯವರಿಗೆ ಕಳುಹಿಸಿ ಅಭಿಪ್ರಾಯವನ್ನು ಬೇಡಿದಳು. 1837ರಲ್ಲಿ ಅವರಿಂದ ಉತ್ತರ ಬಂದಿತು. ಹೆಂಗಸಿನ ಜೀವನಕ್ಕೆ ಸಾಹಿತ್ಯವು ಕಸುಬಾಗಲಾರದು, ಆಗಲೂ ಬಾರದು ಎಂಬುದು ಅದರ ತಾತ್ಪರ್ಯ. ದಯೆಯಿಂದ ಬರೆದ ಕಾಗದವೇ ಹೌದು. ದಯೆಯಿಂದ ಹೇಳಿದ ಇಂಥ ಮಾತು ಬೈಗುಳಕ್ಕಿಂತ ಆಳವಾಗಿ ನೆಡುವುದೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಅರಿಯರು!

1846ರಲ್ಲಿ ಅವಳೂ ತಂಗಿಯರಾದ ಎಮಿಲಿ, ಆನ್ ಇವರೂ ಗಂಡಸರ ಹೆಸರೋ ಹೆಂಗಸರ ಹೆಸರೋ ಹೇಳಲಾಗದಂತಹ ಹೆಸರುಗಳನ್ನಿಟ್ಟುಕೊಂಡು, ಸ್ವಂತ ಹಣದಿಂದ ಪದ್ಯಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ಒಂದು ವರುಷದಲ್ಲಿ ಮಾರಾಟವಾದುದು ಎರಡು ಪ್ರತಿ. ಆ ಬಳಿಕ ಮೂವರೂ ಒಂದೊಂದು ಕಥೆಯನ್ನು ಬರೆದು ಪ್ರಕಾಶಕರಿಗೆ ಕಳುಹಿಸತೊಡಗಿದರು. ಷಾರ್ಲಟ್ ಬರೆದ 'ದಿ ಪ್ರೊಫೆಸರ್' ಎಂಬುದು ಹೋದ ಕಡೆಯಿಂದೆಲ್ಲ ಹಿಂದಿರುಗಿತು. ತಂಗಿಯರ ಕಥೆಗಳನ್ನು ಒಬ್ಬ ಪ್ರಕಾಶಕನು ಒಪ್ಪಿಕೊಂಡನು, ಅಕ್ಕನದನ್ನು ಒಪ್ಪಲಿಲ್ಲ. ಒಂದೇ ಮನೆಯಲ್ಲಿ ಒಂದೇ ಮೇಜಿನ ಸುತ್ತ ಬರೆದವರಲ್ಲಿ ಹಿರಿಯಳಿಗೆ ಇದು ಎಂಥ ಪರೀಕ್ಷೆಯಾಗಿದ್ದಿರಬೇಕೆಂದು ಯೋಚಿಸಿರಿ. ಅವಳು ಮಾಡಿದುದೇನೆಂದರೆ, ಹಿಂದಿನ ಪ್ರಕಾಶಕರ ಹೆಸರುಗಳನ್ನು ಹೊಡೆದು ಹಾಕಿ ಅದೇ ಹೊದಿಕೆಯ ಕಾಗದದಲ್ಲಿ ಕಟ್ಟಿ ಮತ್ತೊಬ್ಬರಿಗೆ ಕಳುಹಿಸಿದುದು! ಇದು ಜಾಣತನವಲ್ಲವೆಂದು ಯಾರಾದರೂ ಹೇಳಬಹುದು. ತಿರಸ್ಕಾರದ ಗುರುತುಗಳನ್ನು ಹೊತ್ತುಕೊಂಡೇ ಆ ಕಟ್ಟು ಹೊರಟಿತು. ನಮಗಾದರೋ ಆ ಹೊದಿಕೆಯ ಮೇಲೆ ಬಹಳ ಗೌರವ.

1846ನೆಯ ಆಗಸ್ಟಿನಲ್ಲಿ ತಂದೆಯವರ ಕಣ್ಣಿನ ಪೊರೆಯನ್ನು ತೆಗೆಸಲು ಅವಳು ಮ್ಯಾಂಚೆಸ್ಟರಿಗೆ ಹೋಗಿದ್ದಳು. ಶಸ್ತ್ರಚಿಕಿತ್ಸೆಯ ದಿನವೇ ಆ ಕಥೆಯು ಬೇಡವೆಂದು ಹಿಂದಿರುಗಿ ಬಂದಿತೆಂದು ಗ್ಯಾಸ್ಕೆಲ್ ಬರೆದಿರುವಳು. ಬಾಡಿಗೆಯ ಮನೆ, ಕತ್ತಲೆ ಮಾಡಿದ ಕೋಣೆಯಲ್ಲಿ ಅಲುಗಾಡದೆ ಮಲಗಿದ ತಂದೆ, ತನಗೋ ಹಲ್ಲುನೋವು. ಅಲ್ಲಿಯೇ, ಆ ದಿನಗಳಲ್ಲಿಯೇ, ಅವಳು 'ಜೇನ್ ಐರ್' ಎಂಬ ಕಾದಂಬರಿಯನ್ನು ಬರೆಯಲು ತೊಡಗಿದಳು. ಮೊದಲನೆಯ ಕಥೆಯು ಸರಿಹೋದ ಮೇಲೆ ಎರಡನೆಯದನ್ನು ಎತ್ತಿಕೊಳ್ಳುವೆನೆಂದು ಕುಳಿತಿದ್ದರೆ ಅವಳ ಹೆಸರನ್ನು ನಾವು ಕೇಳುತ್ತಿರಲಿಲ್ಲ. ಮುಂದಿನ ವರುಷ ಸ್ಮಿತ್ ಎಲ್ಡರ್ ಎಂಬ ಪ್ರಕಾಶಕರು 'ಪ್ರೊಫೆಸರ'ನ್ನು ಹಿಂದಿರುಗಿಸುತ್ತ, ಅದರ ಗುಣದೋಷಗಳನ್ನು ಮರ್ಯಾದೆಯಿಂದ ವಿವೇಚಿಸಿ, ಮೂರು ಸಂಪುಟಗಳ ಕಥೆಯೊಂದಿದ್ದರೆ ಕಳುಹಿಸಬಹುದೆಂದು ಬರೆದರು. 1847ನೆಯ ಆಗಸ್ಟ್ 24ರಂದು ಅವಳು ಹೊಸ ಕಾದಂಬರಿಯನ್ನು ಕಳುಹಿಸಿದಳು. ಅಕ್ಟೋಬರ್ 16ರಂದು ಅದು ಪ್ರಕಟವಾಯಿತು. ಎಂಟು ವಾರಗಳು ಕೂಡ ಆಗಲಿಲ್ಲ. ಹಳೆಯ 'ಪ್ರೊಫೆಸರ್' ಅವಳು ಬದುಕಿರುವ ತನಕ ಅಚ್ಚಾಗಲೇ ಇಲ್ಲ. ಒಟ್ಟು ಒಂಬತ್ತು ಸಲ ತಿರಸ್ಕೃತವಾಯಿತೆಂದು ಅವಳೇ ನಗುತ್ತ ಲೆಕ್ಕ ಹೇಳಿದ್ದುಂಟು.

ಅವಳು ಅಜಾಗರೂಕಳೆಂದು ಮಾತ್ರ ಯಾರೂ ತಿಳಿಯಬಾರದು. ತಕ್ಕ ಮಾತು ಸಿಕ್ಕುವವರೆಗೂ ಲೇಖನಿಯನ್ನು ತಡೆಹಿಡಿದು ಕಾಯುತ್ತಿದ್ದಳಂತೆ. ಅಡಿಗೆಮನೆಯಲ್ಲಿ ಟ್ಯಾಬಿ ಎಂಬ ಮುದಿ ಸೇವಕಿಗೆ ಕಣ್ಣು ಮಂಜಾಗಿ, ಸುಲಿದ ಆಲೂಗಡ್ಡೆಯಲ್ಲಿ ಕಪ್ಪು ಕಣ್ಣುಗಳು ಉಳಿದುಬಿಡುತ್ತಿದ್ದವು. ಅವಳ ಮನಸ್ಸನ್ನು ನೋಯಿಸಲಾರದೆ, ಆ ಕಪ್ಪನ್ನು ಸಹಿಸಲೂ ಆರದೆ, ಷಾರ್ಲಟ್ ಬರೆಯುವುದನ್ನು ನಡುವೆಯೇ ನಿಲ್ಲಿಸಿ, ಮೆಲ್ಲನೆ ಬೋಗುಣಿಯನ್ನು ಕದ್ದು ತಂದು, ಕಣ್ಣುಗಳನ್ನೆಲ್ಲ ಕೆತ್ತಿ ತೆಗೆದು, ಯಾರಿಗೂ ತಿಳಿಯದಂತೆ ಅಲ್ಲಿಯೇ ಇಟ್ಟು ಬರುತ್ತಿದ್ದಳು. ಇಂಥ ಹುಡುಗಿಯು ನಮ್ಮ ಮಿಸ್ಸಮ್ಮನವರಿಗೆ ಸಿಕ್ಕಿದ್ದರೆ ಹೊಲಿಗೆಯ ಬಹುಮಾನವು ಬೇರೆಯವರಿಗೆ ಹೋಗುತ್ತಿರಲಿಲ್ಲ. ಆದರೂ ಅವಳ ಕಾದಂಬರಿಯಲ್ಲಿ ದೋಷಗಳಿಲ್ಲವೆ? ಹಸಿದು ಬಳಲಿ ಬಯಲಿನಲ್ಲಿ ಅಲೆಯುವ ಜೇನ್, ಇಡೀ ಇಂಗ್ಲೆಂಡಿನಲ್ಲಿ ಮತ್ತೊಂದು ಬಾಗಿಲು ಇಲ್ಲವೆಂಬಂತೆ, ತನಗೇ ತಿಳಿಯದ ತನ್ನ ಸೋದರತ್ತೆಯ ಮಕ್ಕಳ ಬಾಗಿಲಿಗೇ ಬಂದು ಬೀಳುವಳು. ಈ ಸಂಯೋಗವನ್ನು ನಂಬುವುದು ನಮಗೆ ಇಂದಿಗೂ ಕಷ್ಟ. ಪರೀಕ್ಷೆಯ ಕಾಗದದಲ್ಲಿ ಬರೆದಿದ್ದರೆ ಕೆಂಪು ಮಸಿಯು ಬೀಳುತ್ತಿದ್ದಿತು. ಅಲ್ಲಿಗೆ ಬಂದು ಪುಸ್ತಕವನ್ನು ಮುಚ್ಚಿಟ್ಟ ಓದುಗರನ್ನು ಮಾತ್ರ ನಾವು ಇನ್ನೂ ಕಂಡಿಲ್ಲ.

ಈ ವಿಚಾರವನ್ನು ಮಂಡಲಿಯ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, ಪರಲೋಕದ ತಂದೆಯಂತೆ ಪರಿಪೂರ್ಣರಾಗಬೇಕೆಂದು ಕರ್ತನೇ ಹೇಳಿರುವಾಗ ಓರೆಕೋರೆಯನ್ನು ಹೊಗಳುವುದು ಸರಿಯೇ ಎಂದು ಆಕ್ಷೇಪಿಸಿದರು. ಅವರ ಮೇಲಿನ ಗೌರವದಿಂದಲೇ ಉತ್ತರವನ್ನು ಬರೆಯುತ್ತೇವೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಆ ಮಾತಿಗೆ ಮೊದಲು ಬರುವುದೇನು? ವೈರಿಗಳನ್ನು ಪ್ರೀತಿಸುವುದು, ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲದೆ ಬಿಸಿಲನ್ನೂ ಮಳೆಯನ್ನೂ ಸುರಿಸುವ ದೇವರ ಔದಾರ್ಯ. ಅಲ್ಲಿಯ ಪರಿಪೂರ್ಣತೆಯು ಪ್ರೀತಿಯ ಪರಿಪೂರ್ಣತೆ. ತಪ್ಪಿಲ್ಲದ ಕಾಗದದ ಪ್ರಸ್ತಾಪವೇ ಅಲ್ಲಿಲ್ಲ. ಅದೇ ಸುವಾರ್ತೆಯಲ್ಲಿ ಒಂದು ತಲಾಂತನ್ನು ಪಡೆದ ಆಳು ಅದನ್ನು ಹಾಳುಮಾಡಲಿಲ್ಲ, ಕಳೆಯಲಿಲ್ಲ, ಹಾಗೆಯೇ ಹಿಂದಕ್ಕೆ ಒಪ್ಪಿಸಿದನು. ಲೆಕ್ಕದಲ್ಲಿ ಅವನದು ತಪ್ಪಿಲ್ಲದ ಶುದ್ಧ ಪ್ರತಿ. ಭಯಪಟ್ಟೆನೆಂದು ಅವನೇ ಹೇಳಿಕೊಂಡನು, ಯಜಮಾನನಿಗೆ ಕೋಪ ಬಂದುದೂ ಅದಕ್ಕೇ.

ನಮ್ಮ ಶಾಲೆಗಳಲ್ಲಿ ಕಲಿತವರನ್ನು ಕಾಡುವ ಮತ್ತೊಂದು ಸಂಶಯವು ಭಾಷೆಯದು. ನಮ್ಮದು ಪಾದ್ರಿ ಕನ್ನಡವೆಂದು ಹೊರಗಿನವರು ನಗುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕೇಳದವರಿಲ್ಲ. ಪಂಡಿತರ ಮನೆಯಲ್ಲಿ ಹುಟ್ಟದ ನಾವು ಕನ್ನಡದಲ್ಲಿ ಕಥೆ ಬರೆಯಲು ಎಷ್ಟರವರು ಎಂಬ ಅಳುಕು ಆ ನಗೆಯಿಂದ ಹುಟ್ಟಿದುದು. ಆದರೆ ಆ ಕನ್ನಡವು ಹೇಗೆ ಬಂದಿತೆಂಬುದನ್ನು ನೆನೆಯಿರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಮೊದಲಿನಿಂದ ಕಲಿತು ಸತ್ಯವೇದದ ಭಾಷಾಂತರಕ್ಕೆ ಕೈಹಾಕಿದರು; 1831ರಲ್ಲಿ ಅದು ಸಂಪೂರ್ಣವಾಗಿ ಹೊರಬಂದಿತು. ಅದರಲ್ಲಿ ತೊಡಕುಗಳಿದ್ದವೆಂಬುದನ್ನು ಮುಂದಿನವರು ಮರೆಮಾಚಲಿಲ್ಲ. ಬಾಸೆಲ್ ಮಿಷನ್ನಿನ ವೈಗಲ್ ಮೊದಲಾದವರು ತಿದ್ದಿದರು. ಅವರು ತಿದ್ದಿದುದನ್ನು ಇಪ್ಪತ್ತನೆಯ ಶತಮಾನದವರು ಮತ್ತೆ ತಿದ್ದಿದರು. ತಿದ್ದುವುದಕ್ಕೆ ಒಂದು ಪುಸ್ತಕವು ಕೈಯಲ್ಲಿದ್ದುದರಿಂದ ತಿದ್ದಿದರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಸಲಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ವಿಧವೆಯ ಮರುಮದುವೆಯನ್ನು ಕುರಿತ ಆ ಕಥೆಯಲ್ಲಿ ಉಪದೇಶವು ಬೇಕಾದುದಕ್ಕಿಂತ ಹೆಚ್ಚೆಂಬುದು ನಮ್ಮ ಮತ. ಅದು ಇಲ್ಲದಿದ್ದರೆ ಆ ತಪ್ಪನ್ನು ಕಂಡು ತಿದ್ದಿಕೊಳ್ಳುವ ಭಾಗ್ಯವು ಮುಂದಿನ ಕಾದಂಬರಿಕಾರರಿಗೆ ಎಲ್ಲಿಂದ ಬರುತ್ತಿತ್ತು?

ವಯಸ್ಸು ಮೀರಿತೆಂದು ಹೇಳುವ ಸೋದರಿಯರಿಗೆ ಎಂ. ಕೆ. ಇಂದಿರಾ ಅವರ ಹೆಸರನ್ನು ಜ್ಞಾಪಿಸಿದರೆ ಸಾಕು. 1917ರಲ್ಲಿ ಮಲೆನಾಡಿನಲ್ಲಿ ಹುಟ್ಟಿದ ಅವರಿಗೆ ಶಾಲೆಯ ಓದು ಏಳು ವರುಷ ಮಾತ್ರ. ಹನ್ನೆರಡನೆಯ ವಯಸ್ಸಿಗೆ ಮದುವೆ. ಕಾದಂಬರಿ ಬರೆಯಲು ತೊಡಗಿದುದು ನಲವತ್ತೈದರ ಹೊತ್ತಿಗೆ. 'ತುಂಗಭದ್ರ' 1963ರಲ್ಲಿ ಪ್ರಕಟವಾಯಿತು. 1976ರಲ್ಲಿ ಬಂದ ಅವರ 'ಫಣಿಯಮ್ಮ'ನಂತೂ ನಮ್ಮನ್ನು ಬಹುವಾಗಿ ಕಲಕಿದ ಪುಸ್ತಕ. ತಾವು ಬಾಲ್ಯದಲ್ಲಿ ಕಂಡಿದ್ದ ಬಾಲವಿಧವೆಯೊಬ್ಬರ ಜೀವನ. ಆಕೆ ಲೇಖಕಿಯ ತಾಯಿಯೊಡನೆ ಹೇಳಿಕೊಂಡ ಕಥೆ. ನಮ್ಮ ಗೆಳತಿಯ ಮುತ್ತಜ್ಜಿಯದೂ ಹೀಗೆಯೇ ಮನೆಯೊಳಗೆ ಕೇಳಿದ ಕಥೆಯಲ್ಲವೆ? ಒಂದು ಕಥೆಯು ಚಲನಚಿತ್ರವಾಯಿತು, ಬೇರೆ ಭಾಷೆಗೂ ಹೋಯಿತು. ಇನ್ನೊಂದು ಬಾಗಿಲ ಬಳಿಯ ಗಾಡಿಯಲ್ಲಿಯೇ ಉಳಿಯಿತು. ಇಬ್ಬರ ಸಾಮರ್ಥ್ಯವನ್ನು ತೂಗುವ ಅಧಿಕಾರ ನಮಗಿಲ್ಲ. ಒಬ್ಬರು ಎರಡನೆಯ ಪ್ರಕರಣಕ್ಕೆ ಹೋದರೆಂಬುದು ಮಾತ್ರ ನಿಶ್ಚಯ.

ಕಾಲಾವಕಾಶವಿದೆ, ನಿಧಾನವಾಗಿ ತಿದ್ದೋಣವೆನ್ನುವ ಎಳೆಯರಿಗೆ ಹೇಳಬೇಕಾದ ಹೆಸರು ಬೇರೆ. ಕೊಡಗಿನ ಗೌರಮ್ಮನವರು 1939ರ ಏಪ್ರಿಲಿನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರುಷ. ಅವರ 'ಕಂಬನಿ'ಯು ಪುಸ್ತಕವಾಗಿ ಬಂದಾಗ ನೋಡಲು ಅವರಿರಲಿಲ್ಲ. ಮುನ್ನುಡಿಯನ್ನು ಬರೆದವರು ಬೇಂದ್ರೆಯವರು. ನಮ್ಮ ಸಭೆಯವರೇ ಆದ ಕೃಪಾಬಾಯಿ ಸತ್ಯನಾಥನ್ 1862ರಲ್ಲಿ ಅಹಮದ್‌ನಗರದಲ್ಲಿ ಹುಟ್ಟಿ 1894ರಲ್ಲಿ ತೀರಿಕೊಂಡವರು. ಇಂಗ್ಲಿಷಿನಲ್ಲಿ ಬರೆದ 'ಸಗುಣ', 'ಕಮಲ' ಎಂಬ ಅವರ ಎರಡು ಕಾದಂಬರಿಗಳು ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಬಂದವು. ಕಾಯಿಲೆಯ ನಡುವೆ ಬರೆದು, ಈ ತಿಂಗಳ ಕಂತನ್ನು ಈ ತಿಂಗಳೇ ಕೊಟ್ಟವರಿಗೆ ಹದಿನಾಲ್ಕು ಪ್ರತಿಗಳ ಮಾತೆಲ್ಲಿ?

ತಾಯಿತಂದೆಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಮನೆಯಲ್ಲಿ ಹುಡುಗಿಯು ಏನನ್ನೋ ಬರೆದು ಹರಿದು ಹಾಕುತ್ತಿರುವುದನ್ನು ಕಂಡರೆ, ನಮ್ಮ ಮಗಳು ಎಷ್ಟು ಅಚ್ಚುಕಟ್ಟೆಂದು ನೆಂಟರೊಡನೆ ಹೇಳಿ ಹಿಗ್ಗಬೇಡಿರಿ. ಬರೆದುದನ್ನು ತಂದು ತೋರಿಸಿದರೆ ಮೊದಲು ಕಾಗುಣಿತವನ್ನು ನೋಡಬೇಡಿರಿ. ಇದಕ್ಕೆ ಬಹುಮಾನ ಬರುವುದೇ ಎಂದು ಕೇಳಬೇಡಿರಿ. ಆಮೇಲೆ ಏನಾಯಿತು ಎಂದು ಕೇಳಿರಿ. ಕಥೆಯನ್ನು ಮುಂದಕ್ಕೆ ನಡೆಸುವ ಪ್ರಶ್ನೆಯು ಅದೊಂದೇ. ಕಥೆಯಲ್ಲಿ ಬರುವ ಸಿಡುಕಿನ ಅತ್ತೆಯು ನಮ್ಮ ಮನೆಯವರೇ ಇರಬಹುದೆಂಬ ಶಂಕೆಯು ತಮಗೆ ಬಂದೀತು. ಬಂದರೆ ಅದನ್ನು ನುಂಗಿಕೊಳ್ಳುವುದು ಲೇಸು. ನಮ್ಮ ಕಾಲದ ಎಷ್ಟೋ ಕಥೆಗಳು ಆ ಒಂದು ಶಂಕೆಯಿಂದಲೇ ಒಲೆಯನ್ನು ಸೇರಿದವು. ಈಗಿನ ಮಕ್ಕಳು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಅದರಲ್ಲಿ ಅಳಿಸಿದುದರ ಗುರುತು ಕೂಡ ಉಳಿಯದು. ವಾಕ್ಯವು ಮುಗಿಯುವ ಮೊದಲೇ ಅದನ್ನು ನುಂಗಿಬಿಡುವ ಸೌಲಭ್ಯವು ನಮ್ಮ ಗೆಳತಿಗೆ ದೊರೆತಿದ್ದರೆ ಆ ಹದಿನಾಲ್ಕು ಪುಸ್ತಕಗಳೂ ಇರುತ್ತಿರಲಿಲ್ಲವೆಂದು ನೆನೆದು ನಮಗೆ ಭಯವಾಗುವುದು.

ಇಷ್ಟೆಲ್ಲವನ್ನು ಬರೆದ ನಾವು ಈ ಜಾಡ್ಯದಿಂದ ಬಿಡುಗಡೆಯಾದವರೆಂದು ಹೇಳಿಕೊಳ್ಳಲಾರೆವು. ನಮ್ಮದೂ ಒಂದು ಕಥೆಯು ಒಂಬತ್ತು ವರುಷ ಬೀರುವಿನಲ್ಲಿದ್ದಿತು. ಗೆಳತಿಯ ಪುಸ್ತಕಗಳನ್ನು ಕಂಡು ಬಂದ ವಾರವೇ ಅದನ್ನು ಹೊರಗೆ ತೆಗೆದೆವು. ಒಳ್ಳೆಯ ಕಾಗದವನ್ನು ಕೈಯಲ್ಲಿ ಹಿಡಿದರೆ ಹಳೆಯ ಭಯವೇ ಬರುವುದೆಂದು ಅರಿತು, ಹಾಲಿನ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳ ಮೇಲೆ ಪೆನ್ಸಿಲಿನಿಂದ ಬರೆದೆವು. ಹಿಂದಿನ ದಿನ ಬರೆದುದನ್ನು ಓದುವುದಿಲ್ಲವೆಂದು ನೇಮವನ್ನು ಮಾಡಿಕೊಂಡೆವು. ಎರಡು ಸಲ ಮುರಿದೆವು, ಎರಡು ಸಲವೂ ನಾಲ್ಕು ದಿನ ಕೆಲಸ ನಿಂತಿತು. ತಕ್ಕ ಮಾತು ಸಿಕ್ಕದ ಕಡೆ ಒಂದು ಸೊನ್ನೆಯನ್ನು ಹಾಕಿ ಮುಂದಕ್ಕೆ ಹೋದೆವು. ನಲವತ್ತು ಸೊನ್ನೆಗಳೊಡನೆ ಕಥೆಯು ಮುಗಿಯಿತು. ಒಂದು ತಿಂಗಳು ಬಿಟ್ಟು ಕೆಂಪು ಮಸಿಯ ಲೇಖನಿಯನ್ನೇ ಕೈಗೆ ತೆಗೆದುಕೊಂಡೆವು. ಆಗ ಮಿಸ್ಸಮ್ಮನವರ ಪಾಠವೆಲ್ಲ ಬಹಳ ಉಪಯೋಗಕ್ಕೆ ಬಂದಿತು. ಸೊನ್ನೆಗಳಲ್ಲಿ ಮೂವತ್ತರಷ್ಟು ತುಂಬಿದವು, ಎರಡು ಪುಟಗಳನ್ನು ಪೂರಾ ಬಿಚ್ಚಿ ಹೊಲಿದೆವು. ಆಮೇಲೆ ಒಬ್ಬರಿಗೆ, ಒಬ್ಬರಿಗೇ, ಓದಲು ಕೊಟ್ಟೆವು. ಅವರು ಕಡೆಯ ಭಾಗದಲ್ಲಿ ಆತುರವಾಯಿತೆಂದರು. ನಿಜವಿರಬಹುದು. ಈ ಸಂಚಿಕೆಯ ಕಥೆಗಳೆರಡೇ ಎಂದೆವಷ್ಟೆ. ಅವುಗಳಲ್ಲಿ ಒಂದು ಅದು.

ಗೆಳತಿಯ ಮಗಳು ಹೋ ತಿಂಗಳು ಮತ್ತೆ ಬಂದಿದ್ದಳು. ತಾಯಿಯ ಕಥೆಯಲ್ಲಿ ನಮಗೆ ಜ್ಞಾಪಕವಿರುವಷ್ಟನ್ನು ಹೇಳಬೇಕೆಂದು ಕೇಳಿದಳು. ಕ್ರಮವಿಲ್ಲದೆ, ಹಿಂದುಮುಂದಾಗಿ ಹೇಳಿದೆವು. ಅವಳು ಹಾಗೆಯೇ ಬರೆದುಕೊಂಡಳು. ಹೋಗುವಾಗ ಮೊದಲನೆಯ ನೋಟುಪುಸ್ತಕವನ್ನು ನಮ್ಮಲ್ಲಿಯೇ ಬಿಟ್ಟು, ಮುಂದಿನ ಸಂಚಿಕೆಯ ಹೊತ್ತಿಗೆ ಯೋಚಿಸಿ ಹೇಳುವೆನೆಂದಳು.

ಮುಂದಿನ ಸಂಚಿಕೆಗೆ ಕಥೆಗಳನ್ನು ಕರಡಿನಲ್ಲಿಯೇ ಸ್ವೀಕರಿಸಬೇಕೆಂದು ಮಂಡಲಿಯವರನ್ನು ಕೇಳಿಕೊಂಡಿದ್ದೆವು, ಅವರು ಒಪ್ಪಿರುವರು. ಪೆನ್ಸಿಲಿನಲ್ಲಿ ಬರೆದಿರಬಹುದು, ಹೊಡೆದು ಹಾಕಿದ ಸಾಲುಗಳಿರಬಹುದು, ಸೊನ್ನೆಗಳೂ ಇರಬಹುದು. ಹಾಳೆಯ ಎರಡು ಬದಿಯಲ್ಲಿಯೂ ಬರೆದಿದ್ದರೆ ಅಡ್ಡಿಯಿಲ್ಲ. ಶುದ್ಧ ಪ್ರತಿಯನ್ನು ಎತ್ತುವ ಕೆಲಸವನ್ನು ಹತ್ತನೆಯ ತರಗತಿಯ ಹುಡುಗಿಯರು ವಹಿಸಿಕೊಂಡಿದ್ದಾರೆ. ಕಟ್ಟಿನ ಮೇಲೆ ಕಥೆಯೆಂದು ಬರೆದು ಶಾಲೆಯ ಕಚೇರಿಗೆ ಕಳುಹಿಸಬೇಕು. ಪ್ರತಿಯನ್ನು ಹಿಂದಕ್ಕೆ ಪಡೆಯಲಿಚ್ಛಿಸುವವರು ವಿಳಾಸವನ್ನು ಬರೆದು ಅಂಚೆಯ ಚೀಟಿಯನ್ನು ಇಟ್ಟಿರಬೇಕು. ಹಳೆಯ ಹೊದಿಕೆಯಾದರೂ ಆದೀತು.